ಹೊರಗಿನ ಗ್ಯಾರೇಜು, ಕಂಪನಿಯ ವಾರಂಟಿ: ಮುಂಬೈ, ಪುಣೆ, ಗೋವೆಯಲ್ಲಿ ಕಾರು ಇಟ್ಟ ಕನ್ನಡಿಗರಿಗೆ

"ಹೊರಗೆ ಕೈ ಹಾಕಿಸಿದ್ದೀರಾ? ಹಾಗಾದರೆ ವಾರಂಟಿ ಹೋಯ್ತು." ಥಾಣೆಯಿಂದ ಮಡಗಾಂವ್‌ವರೆಗೆ ಸರ್ವಿಸ್ ಸೆಂಟರಿನ ಕೌಂಟರುಗಳಲ್ಲಿ ಕೇಳಿಬರುವ ಮಾತಿದು. ಇದರಲ್ಲಿ ಅರ್ಧ ನಿಜ, ಅರ್ಧ ಬೆದರಿಕೆ. ಎರಡನ್ನೂ ಬೇರ್ಪಡಿಸಿಕೊಳ್ಳಲು ಮೂರು ಸಂಗತಿ ನೋಡಬೇಕು: ವಾರಂಟಿ ಪುಸ್ತಕದಲ್ಲಿ ಏನು ಬರೆದಿದೆ, ಹೊರಗೆ ಮಾಡಿಸಿದ ಕೆಲಸಕ್ಕೆ ಕಾಗದ ಇದೆಯೇ, ಕೆಟ್ಟ ಭಾಗಕ್ಕೂ ಆ ಕೆಲಸಕ್ಕೂ ಏನಾದರೂ ಸಂಬಂಧ ಇದೆಯೇ.

1. ಮೊದಲು ಪುಸ್ತಕ ತೆಗೆಯಿರಿ

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪಿಯುಸಿ ಚೀಟಿಯ ಕೆಳಗೆ ಬಿದ್ದಿರುತ್ತದೆ. ಒಂದೇ ಕಾರಿಗೆ ಹಲವು ವಾರಂಟಿಗಳಿರುತ್ತವೆ, ಒಂದು ಹೋದರೆ ಎಲ್ಲವೂ ಹೋಗುವುದಿಲ್ಲ. ಮೂಲ ವಾರಂಟಿ ಈಗ ಹೆಚ್ಚಿನ ಕಾರುಗಳಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಇದು ತಯಾರಿಕೆಯ ದೋಷಕ್ಕೆ ಮಾತ್ರ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಲ್ಬ್, ಫಿಲ್ಟರ್ ಸವೆಯುವ ವಸ್ತುಗಳು, ಇದರೊಳಗೆ ಬರುವುದಿಲ್ಲ. ಟೈರು ಮತ್ತು 12 ವೋಲ್ಟ್ ಬ್ಯಾಟರಿಯ ವಾರಂಟಿ ಅವುಗಳ ತಯಾರಕರದು. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಬೇರೆ ಲೆಕ್ಕ, ಸಾಮಾನ್ಯವಾಗಿ 8 ವರ್ಷ, 1.6 ಲಕ್ಷ ಕಿ.ಮೀ.

ದುಡ್ಡು ಕೊಟ್ಟು ಕೊಂಡ ವಿಸ್ತರಿತ ವಾರಂಟಿಯನ್ನು ಎಲ್ಲಕ್ಕಿಂತ ಎಚ್ಚರದಿಂದ ಓದಿ. ಅದು ಪ್ರತ್ಯೇಕ ಒಪ್ಪಂದ, ಷರತ್ತುಗಳೂ ಬಿಗಿ. ಒಂದು ಸರ್ವಿಸ್ ತಪ್ಪಿದರೆ, ಅಥವಾ ಹೇಳಿದ ಕಿ.ಮೀ. ದಾಟಿ ತಡವಾದರೆ, ಅದನ್ನೇ ಹಿಡಿದು ಇಡೀ ಒಪ್ಪಂದ ಬಿದ್ದುಹೋಯಿತು ಅನ್ನುತ್ತಾರೆ. ಎಷ್ಟು ದಿನ, ಎಷ್ಟು ಕಿ.ಮೀ. ರಿಯಾಯಿತಿ ಇದೆ ಎನ್ನುವ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಡಿ.

2. ಕಾನೂನು ಎಷ್ಟು ದೂರ ಕೈ ಹಿಡಿಯುತ್ತದೆ

2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದುರಸ್ತಿ ಕೈಪಿಡಿ, ತಪಾಸಣೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳ ಕೈಗೆ ಸಿಗದಂತೆ ಮಾಡಿದ್ದಾರೆ ಎಂಬುದು ದೂರಿನ ತಿರುಳು. ನಮಗೆ ಬೇಕಾದ ಮಾತು ಆ ಆದೇಶದ ನಿರ್ದೇಶನಗಳಲ್ಲಿದೆ: ಹೊರಗಿನ ದುರಸ್ತಿಗಾರರ ಬಳಿ ಹೋದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು.

ಹಾಗೆಂದು ಆ ಆದೇಶದ ಪ್ರಿಂಟ್ ಹಿಡಿದು ಕೌಂಟರಿನಲ್ಲಿ ನಿಂತರೆ ಕೆಲಸ ಆಗುತ್ತದೆ ಎಂದುಕೊಳ್ಳಬೇಡಿ. ಕಂಪನಿಗಳು ಮೇಲ್ಮನವಿ ಹೋದವು, 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವರ ದಂಡದ ಲೆಕ್ಕವನ್ನೇ ಬದಲಿಸಿತು. ಆ ಆದೇಶ ನಿಮ್ಮ ವಾದಕ್ಕೆ ಬಲ ಕೊಡುತ್ತದೆ, ವಾದ ಮಾಡುವ ಕೆಲಸ ನಿಮ್ಮದೇ. ಇನ್ನು ವಾಟ್ಸಾಪಿನಲ್ಲಿ ಓಡಾಡುವ "ಹೊರಗಿನ ಪಾರ್ಟ್ ಹಾಕಿದರೂ ವಾರಂಟಿ ಮುಟ್ಟುವಂತಿಲ್ಲ, ಕಾನೂನೇ ಇದೆ" ಎಂಬ ಸಂದೇಶ ಹೆಚ್ಚಾಗಿ ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯದು. ಚಿಂಚ್‌ವಾಡದ ಶೋರೂಮಿನಲ್ಲಿ ಅದರ ಆಟ ನಡೆಯುವುದಿಲ್ಲ.

3. ಯಾವುದು ಹೊರಗೆ, ಯಾವುದು ಒಳಗೆ

ವಾರಂಟಿ ಮುಗಿಯುವವರೆಗೆ ನಿಗದಿತ ಸರ್ವಿಸುಗಳನ್ನು ಕಂಪನಿಯ ಸೆಂಟರಿನಲ್ಲೇ ಮಾಡಿಸಿ. ಇಲ್ಲಿ ಉಳಿಸಿದ ಎರಡು ಮೂರು ಸಾವಿರ, ಒಂದು ಸ್ಟೀರಿಂಗ್ ರ‍್ಯಾಕ್ ಅಥವಾ ಎಸಿ ಕಂಪ್ರೆಸರ್ ಕ್ಲೇಮಿನ ಜಗಳದಲ್ಲಿ ಕರಗಿಹೋಗುತ್ತದೆ. ಉಳಿದ ಎಷ್ಟೋ ಕೆಲಸಗಳನ್ನು ಧಾರಾಳವಾಗಿ ಹೊರಗೆ ಮಾಡಿಸಬಹುದು: ಪಂಕ್ಚರ್, ಟೈರು, ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ವೈಪರ್, ಎಸಿ ಫಿಲ್ಟರ್, ಬ್ರೇಕ್ ಪ್ಯಾಡ್, ವಾಶಿಂಗ್. ಡೆಂಟಿಂಗ್ ಪೇಂಟಿಂಗ್ ಕೂಡ ಆಗುತ್ತದೆ, ಆದರೆ ಆ ಬಾಗಿಲಿಗೋ ಬಾನೆಟ್ಟಿಗೋ ಇರುವ ಪೇಂಟ್ ಮತ್ತು ತುಕ್ಕಿನ ವಾರಂಟಿ ಬಿಟ್ಟಂತೆ. ಮುಂಬೈ, ಗೋವೆಯ ಉಪ್ಪುಗಾಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಬ್ಯಾಟರಿ ಹೊರಗೆ ಕೊಳ್ಳುವುದಾದರೆ ಒಂದು ನೋಡಿಕೊಳ್ಳಿ. ಸಿಗ್ನಲ್ಲಿನಲ್ಲಿ ತಾನೇ ಇಂಜಿನ್ ನಿಲ್ಲಿಸಿ ಶುರು ಮಾಡುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಜಾತಿಯ ಬ್ಯಾಟರಿಯೇ ಬೇಕು. ಅಂಗಡಿಯವನು ಅದೇ ಅಳತೆಯ ಸಾದಾ ಬ್ಯಾಟರಿ ಕೂರಿಸಿಕೊಡುತ್ತಾನೆ, ಗಾಡಿಯೂ ಓಡುತ್ತದೆ. ಪದೇ ಪದೇ ಚಾರ್ಜು ಇಳಿದೇರುವುದನ್ನು ತಡೆಯಲಾರದೆ ಅದು ಬೇಗ ಸಾಯುತ್ತದೆ.

ವಾರಂಟಿ ಇರುವಾಗ ಹೊರಗೆ ಮುಟ್ಟಿಸಲೇ ಬಾರದ ಕೆಲಸಗಳು: ಇಂಜಿನ್ ಬಿಚ್ಚುವುದು, ಗೇರ್‌ಬಾಕ್ಸ್, ಏರ್‌ಬ್ಯಾಗ್, ಎಬಿಎಸ್, ಇಸಿಯು ರೀಮ್ಯಾಪ್ (ಇಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು), ಸಿಎನ್‌ಜಿ ಕಿಟ್. ರೀಮ್ಯಾಪ್ ತೆಗೆಸಿ ಮೊದಲಿನಂತೆ ಮಾಡಿದರೆ ಗೊತ್ತಾಗುವುದಿಲ್ಲ ಅನ್ನುವವರನ್ನು ನಂಬಬೇಡಿ. ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕವನ್ನು ಹಲವು ಇಸಿಯುಗಳು ಇಟ್ಟುಕೊಂಡಿರುತ್ತವೆ. ಹೊರಗೆ ಸಿಎನ್‌ಜಿ ಹಾಕಿಸಿದರೆ ಇಂಜಿನ್ ಮತ್ತು ಇಂಧನ ವ್ಯವಸ್ಥೆಯ ವಾರಂಟಿಯ ಆಸೆ ಬಿಡಬೇಕು. ಅದರ ಮೇಲೆ ಮಾನ್ಯತೆ ಪಡೆದ ಕಿಟ್, ಆರ್‌ಸಿಯಲ್ಲಿ ನಮೂದು, ವಿಮೆ ಕಂಪನಿಗೆ ತಿಳಿಸುವುದು, 3 ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ). ಪಂಪಿನ ಮುಂದಿನ ಸಾಲು ನೋಡಿ ನಿರ್ಧರಿಸುವ ಮೊದಲು ಈ ಪಟ್ಟಿಯನ್ನೂ ನೋಡಿ.

ವೈರಿಂಗ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಕ್ಲೇಮುಗಳು ಇಲ್ಲಿಯೇ ಹೆಚ್ಚು ಸಾಯುತ್ತವೆ. ಎಚ್4 ಹೆಡ್‌ಲೈಟ್ ಬಲ್ಬು 60/55 ವ್ಯಾಟ್. ಘಾಟಿಯಲ್ಲಿ ಬೆಳಕು ಸಾಲದು ಎಂದು ಅದೇ ಹೋಲ್ಡರಿಗೆ 100/90 ಸಿಕ್ಕಿಸಿದರೆ ತಂತಿಯಲ್ಲಿ ಸುಮಾರು 5 ಆಂಪಿಯರ್ ಹರಿಯುವ ಕಡೆ 8ಕ್ಕಿಂತ ಹೆಚ್ಚು ಹರಿಯುತ್ತದೆ. ಫ್ಯೂಸು ಹಾರುವುದಿಲ್ಲ, ಏಕೆಂದರೆ ಅದರ ಮಿತಿ ಇನ್ನೂ ಮೇಲಿದೆ. ಹೋಲ್ಡರಿನ ಪ್ಲಾಸ್ಟಿಕ್ ಮಾತ್ರ ನಿಧಾನವಾಗಿ ಕಂದಾಗುತ್ತದೆ, ಆಮೇಲೆ ಕರಗಿ ಪಿನ್ನಿಗೆ ಅಂಟುತ್ತದೆ. ಬೇಕೇ ಬೇಕಾದರೆ ಬ್ಯಾಟರಿಯಿಂದ ನೇರ ಬರುವ ರಿಲೇ ಕಿಟ್ ಹಾಕಿಸಿ. ಸ್ಟೀರಿಯೋ, ಹಾರ್ನ್, ರಿವರ್ಸ್ ಕ್ಯಾಮೆರಾ ಯಾವುದೇ ಇರಲಿ, ಕಪ್ಲರಿನಿಂದ ಕಪ್ಲರಿಗೆ ಸೇರುವ ಕೇಬಲ್ ಕೇಳಿ. ಕಂಪನಿಯ ತಂತಿಯನ್ನು ಬ್ಲೇಡಿನಿಂದ ಸುಲಿದು, ತಿರುಚಿ, ಕಪ್ಪು ಟೇಪು ಸುತ್ತಿದ್ದು ಕಂಡರೆ ಆಮೇಲೆ ಯಾವ ಎಲೆಕ್ಟ್ರಿಕಲ್ ದೋಷ ಬಂದರೂ ಆ ಟೇಪಿನ ಫೋಟೋ ನಿಮ್ಮ ಫೈಲಿಗೆ ಸೇರುತ್ತದೆ.

4. "ಒರಿಜಿನಲ್" ಅಂದರೆ ಯಾವುದು

ಪುಣೆಯ ನಾನಾ ಪೇಠೆಯ ಅಂಗಡಿಯಲ್ಲಿ ಒಂದು ಫಿಲ್ಟರ್ ಕೇಳಿದರೆ ಮೂರು ಡಬ್ಬಿ ಮುಂದಿಡುತ್ತಾರೆ. ಮೊದಲನೆಯದು ಕಾರು ಕಂಪನಿಯ ಹೆಸರಿನ ಡಬ್ಬಿ. ಎರಡನೆಯದು ಕಂಪನಿಗೆ ಭಾಗ ಮಾಡಿಕೊಡುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವುದು: ಬಾಷ್, ವಾಲಿಯೋ, ಮಾಲೆ, ಎಸ್‌ಕೆಎಫ್ ಇಂಥವು. ಮೂರನೆಯದು ಮೊದಲಿನದರಂತೆ ಕಾಣುವ ನಕಲಿ. ಎರಡನೆಯ ಡಬ್ಬಿಗೆ "ಡೂಪ್ಲಿಕೇಟ್" ಎಂದು ಹೆಸರಿಡುವುದು ಅನ್ಯಾಯ. ಎಷ್ಟೋ ಸಲ ಒಳಗಿನ ಮಾಲು ಒಂದೇ, ಬೆಲೆ ಕಡಿಮೆ. ಆದರೆ ತಯಾರಕರ ಹೆಸರು ಸಾಲದು, ಅವರ ಕ್ಯಾಟಲಾಗಿನಲ್ಲಿ ನಿಮ್ಮ ಮಾಡೆಲ್, ಇಂಜಿನ್, ವರ್ಷಕ್ಕೆ ಅದೇ ಪಾರ್ಟ್ ನಂಬರ್ ಇದೆಯೇ ನೋಡಿ.

ನಕಲಿ ಆಯಿಲ್ ಫಿಲ್ಟರ್ ಗುರುತಿಸಲು ಬಾಯಿಯ ತೂತುಗಳೊಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಸುತ್ತಲೂ ಮೆತ್ತನೆಯ ರಬ್ಬರ್ ಪಟ್ಟಿ ಕಾಣಬೇಕು, ಬೆರಳ ತುದಿಯಲ್ಲಿ ಒತ್ತಿದರೆ ಬಾಗಿ ವಾಪಸು ಬರಬೇಕು. ಇಂಜಿನ್ ನಿಂತಾಗ ಆಯಿಲ್ ಕೆಳಗೆ ಇಳಿದುಹೋಗದಂತೆ ತಡೆಯುವುದು ಅದೇ. ಆ ರಬ್ಬರ್ ಇಲ್ಲದ, ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಂತಿರುವ ಫಿಲ್ಟರ್ ಹಾಕಿದ ಗಾಡಿ ಬೆಳಿಗ್ಗೆ ಶುರು ಮಾಡಿದಾಗ ಎರಡು ಮೂರು ಸೆಕೆಂಡು ಕಟಕಟ ಅನ್ನುತ್ತದೆ. ದಿನವೂ ಆ ಕ್ಷಣ ಇಂಜಿನ್ ಒಣಗಾಗಿ ಉಜ್ಜುತ್ತಿದೆ ಎಂದು ಅರ್ಥ.

ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ ಇರಲೇಬೇಕು. ಅಂಟಿಸಿದ ಚೀಟಿಯ ಪಾರ್ಟ್ ನಂಬರಿಗೂ ಒಳಗಿನ ವಸ್ತುವಿನ ಮೇಲೆ ಒತ್ತಿದ ನಂಬರಿಗೂ ತಾಳೆಯಾಗಬೇಕು. ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಸಿಗುವ ಸೆಕೆಂಡ್‌ಹ್ಯಾಂಡ್ ಮಾಲು ಹಳೆಯ ಗಾಡಿಯ ಬಾಗಿಲು, ಕನ್ನಡಿಗೆ ಚೆನ್ನ. ವಾರಂಟಿ ಇರುವ ಕಾರಿಗೆ ಆ ಕಡೆ ಹೋಗಬೇಡಿ.

5. ನಡುವೆ ಒಂದು ಆಯಿಲ್ ಬದಲಾವಣೆ

ತಿಂಗಳಿಗೆರಡು ಸಲ ಊರಿಗೆ ಓಡಾಡುವವರು ಎರಡು ಕಂಪನಿ ಸರ್ವಿಸುಗಳ ನಡುವೆ ಹೊರಗೆ ಒಮ್ಮೆ ಆಯಿಲ್ ಬದಲಿಸುವುದುಂಟು. ಒಳ್ಳೆಯದೇ, ಸರಿಯಾಗಿ ಮಾಡಿದರೆ.

ಗ್ರೇಡು ಪುಸ್ತಕದಲ್ಲಿದ್ದದ್ದೇ ಆಗಬೇಕು. ಈಗಿನ ಹಲವು ಸಣ್ಣ ಪೆಟ್ರೋಲ್ ಇಂಜಿನ್ನುಗಳು 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಬೇಡುತ್ತವೆ. "ಬಾಂಬೆ ಸೆಕೆಗೆ ದಪ್ಪ ಆಯಿಲ್ಲೇ ಬೇಕು" ಎಂದು 20ಡಬ್ಲ್ಯೂ-50 ಸುರಿಯುವ ಹಳೆಯ ಕೈಗಳಿವೆ. ಅವರ ಅನುಭವ ಕಾರ್ಬ್ಯುರೇಟರ್ ಕಾಲದ ಗಾಡಿಗಳದು. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಆದರೆ ಇನ್ನೂ ಎಚ್ಚರ. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವುದರಿಂದ ಬೂದಿ ಕಡಿಮೆ ಬಿಡುವ ಆಯಿಲ್, ಅಂದರೆ ಡಬ್ಬಿಯ ಮೇಲೆ ಎಸಿಇಎ ಸಿ2 ಅಥವಾ ಸಿ3 ಎಂದು ಪುಸ್ತಕ ಹೇಳಿದ ಗುರುತು ಇರಬೇಕು. ಹಳೆಯ ಡೀಸೆಲ್ಲಿನ ಆಯಿಲ್ ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯಾದರೆ ಹೈವೇಯಲ್ಲಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಆ ಡಿಪಿಎಫ್‌ಗೆ ವಾರಂಟಿ ಕೊಡಲು ಕಂಪನಿ ಒಪ್ಪದಿದ್ದರೆ ತಪ್ಪು ಅವರದಲ್ಲ.

ಕೆಲಸದ ಕ್ರಮ ಹೀಗೆ. ಇಂಜಿನ್ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡ್ರೇನ್ ಬೋಲ್ಟ್ ತೆಗೆಯುವುದು. ಬೋಲ್ಟಿನ ವಾಶರ್ ಒಮ್ಮೆ ಒತ್ತಿದರೆ ಚಪ್ಪಟೆಯಾಗುವಂಥದ್ದು, ಪ್ರತಿ ಸಲ ಹೊಸದು ಬೇಕು. ಹಳೆಯದನ್ನೇ ಹಾಕಿ, ಸೋರದಿರಲೆಂದು ಉದ್ದ ಪಾನೆಯಿಂದ ಬಿಗಿದರೆ ಅಲ್ಯೂಮಿನಿಯಂ ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಥ್ರೆಡ್ ಕಿತ್ತುಬರುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಶರಿಗೆ ಜಿಪುಣತನ ಮಾಡಿ ಸಂಪ್ ಬದಲಿಸುವ ಕಥೆ ಗ್ಯಾರೇಜುಗಳಲ್ಲಿ ಹೊಸದೇನಲ್ಲ. ಹಳೆಯ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ಬಳೆ ಫಿಲ್ಟರಿನಲ್ಲೇ ಇದೆಯೇ ನೋಡಿ. ಅದು ಇಂಜಿನ್ನಿಗೆ ಅಂಟಿ ಉಳಿದು, ಮೇಲೆ ಹೊಸ ಬಳೆ ಕೂತರೆ ಗ್ಯಾರೇಜಿನಲ್ಲಿ ಸೋರದು; ಹೈವೇಯಲ್ಲಿ ಒತ್ತಡ ಏರಿದಾಗ ಒಮ್ಮೆಲೇ ಎಲ್ಲ ಚೆಲ್ಲುತ್ತದೆ. ಹೊಸ ಬಳೆಗೆ ಎರಡು ಹನಿ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು.

ಪುಸ್ತಕದಲ್ಲಿ 3.5 ಲೀಟರ್ ಎಂದಿದ್ದರೆ ಮೊದಲು 3 ಲೀಟರ್ ಹಾಕಿಸಿ. ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ ನೋಡಿ, ಉಳಿದದ್ದನ್ನು ಆಮೇಲೆ ಸೇರಿಸಿ. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಬೇರಿಂಗಿಗೆ ರಕ್ಷಣೆ ಸಿಗದು. ಡ್ರಮ್ಮಿನ ಆಯಿಲ್ ಬೇಡ. ಸೀಲು ಮಾಡಿದ ಡಬ್ಬಿ ನಿಮ್ಮೆದುರೇ ಒಡೆಯಲಿ.

ಬ್ರೇಕ್ ಆಯಿಲ್ ಡಾಟ್ 3, ಡಾಟ್ 4 ಎಂಬ ಬೇರೆಯದೇ ದ್ರವ. ಗಡಿಬಿಡಿಯಲ್ಲಿ ಪವರ್ ಸ್ಟೀರಿಂಗ್ ಆಯಿಲ್ ಆ ಡಬ್ಬಿಗೆ ಬಿದ್ದರೆ ಬ್ರೇಕಿನ ರಬ್ಬರುಗಳೆಲ್ಲ ಊದುತ್ತವೆ, ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಕೂಲೆಂಟಿನಲ್ಲೂ ಹಾಗೆಯೇ: ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಅಲ್ಲ, ಬೆರೆಸಬಾರದ್ದನ್ನು ಬೆರೆಸಿದರೆ ರೇಡಿಯೇಟರಿನಲ್ಲಿ ಗಸಿ ಕಟ್ಟುತ್ತದೆ.

6. ಕಾಗದ

ನಮ್ಮವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಪುಣೆಯಲ್ಲೋ ವಾಸ್ಕೋದಲ್ಲೋ ವಿಜಯಪುರ ಕಡೆಯ ಮೆಕ್ಯಾನಿಕ್ ಸಿಕ್ಕಿದ, ಕನ್ನಡ ಮಾತಾಡಿದ, ಚಹಾ ತರಿಸಿದ ಅಂದಮೇಲೆ ಬಿಲ್ಲು ಕೇಳಲು ಬಾಯಿ ಬರುವುದಿಲ್ಲ. "ಬಿಲ್ ಯಾಕ್ರೀ ಅಣ್ಣಾರ, ನಾ ಇದೀನಲ್ರೀ" ಅನ್ನುತ್ತಾನೆ. "ನೀ ಇರ್ತೀಯಪ್ಪಾ, ಆದರ ಶೋರೂಮಿನವ್ರು ನಿನ್ನ ಕೇಳೂದಿಲ್ಲ, ಬಿಲ್ ಕೇಳ್ತಾರ" ಎಂದುಬಿಡಿ. ಕೈಬರಹದ ಕಚ್ಚಾ ಚೀಟಿ ಬೇಡ, ಪಕ್ಕಾ ಬಿಲ್ ಬೇಕು. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಬಿಲ್ಲಿನಲ್ಲಿ ಇರಬೇಕಾದದ್ದು: ತಾರೀಕು, ಗಾಡಿ ನಂಬರ್, ಆ ಹೊತ್ತಿನ ಕಿ.ಮೀ., ಪ್ರತಿ ಭಾಗದ ತಯಾರಕರು ಮತ್ತು ಪಾರ್ಟ್ ನಂಬರ್, ಆಯಿಲ್ಲಿನ ಗ್ರೇಡು ಮತ್ತು ಲೀಟರ್, ಕೂಲಿ ಪ್ರತ್ಯೇಕ. ಜಿಎಸ್‌ಟಿ ನಂಬರ್ ಮಹಾರಾಷ್ಟ್ರದಲ್ಲಿ 27ರಿಂದ, ಗೋವೆಯಲ್ಲಿ 30ರಿಂದ ಶುರುವಾಗುತ್ತದೆ. ಬೇರೆ ಅಂಕಿ ಕಂಡರೆ ಏಕೆ ಎಂದು ಕೇಳಿ. "ಆಯಿಲ್ ಚೇಂಜ್, ಒಟ್ಟು 3,200" ಎಂಬ ಬಿಲ್ಲಿನಿಂದ ಏನೂ ಸಾಬೀತಾಗದು. ಜೊತೆಗೆ ಮೂರು ಫೋಟೋ: ಮೀಟರು, ಡಬ್ಬಿಯ ಬ್ಯಾಚ್ ನಂಬರ್, ತೆಗೆದ ಹಳೆಯ ಭಾಗ.

ಚೆಕ್ ಇಂಜಿನ್ ದೀಪ ಹತ್ತಿ ಹೊರಗೆ ಸ್ಕ್ಯಾನ್ ಮಾಡಿಸಿದರೆ ಕೋಡ್ ಅಳಿಸಲು ಬಿಡಬೇಡಿ. ಪಿ0301 ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ದೋಷ ಬಂದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತುತ್ತಿತ್ತು ಎಂಬುದನ್ನೂ ಇಸಿಯು ಆ ಕೋಡಿನ ಜೊತೆ ಬರೆದಿಟ್ಟಿರುತ್ತದೆ. ಅಳಿಸಿದರೆ ದೀಪ ಆರುತ್ತದೆ, ನಿಮ್ಮ ಸಾಕ್ಷಿಯೂ ಆರುತ್ತದೆ. ತೆರೆಯ ಫೋಟೋ ತೆಗೆದು ಗಾಡಿಯನ್ನು ಹಾಗೆಯೇ ಕಂಪನಿಗೆ ಒಯ್ಯಿರಿ.

7. ಊರಿನ ದಾರಿಯಲ್ಲಿ ನಿಂತರೆ

ಹಬ್ಬಕ್ಕೆ ಹೊರಟ ಗಾಡಿ ಖಂಬಾಟ್ಕಿ ಘಾಟಿನಲ್ಲೋ, ನಿಪ್ಪಾಣಿ ದಾಟಿದ ಮೇಲಿನ ತವಂದಿಯಲ್ಲೋ, ಚೋರ್ಲಾದಲ್ಲೋ ನಿಲ್ಲುತ್ತದೆ. ಮೊದಲ ಫೋನ್ ಕಂಪನಿಯ ರಸ್ತೆ ಸಹಾಯಕ್ಕೆ. ಅವರು ತಡ ಎಂದರೆ ಕರೆಯ ಹೊತ್ತು, ದೂರು ಸಂಖ್ಯೆ ಬರೆದಿಟ್ಟುಕೊಂಡು ಸ್ಥಳೀಯ ಮೆಕ್ಯಾನಿಕ್‌ನನ್ನು ಕರೆಯಿರಿ. ತುಂಡಾದ ಬೆಲ್ಟ್, ಒಡೆದ ಕೂಲೆಂಟ್ ಪೈಪ್ ಇಂಥವನ್ನು ಮಾತ್ರ ಮಾಡಿಸಿ, ಹಳೆಯದನ್ನು ಡಿಕ್ಕಿಯಲ್ಲಿಡಿ. ಬಿಸಿ ಸೂಚಕ ಕೆಂಪಿಗೆ ಹೋದ ಮೇಲೂ "ಕೊಲ್ಹಾಪುರದವರೆಗೆ ಎಳೆದುಬಿಡೋಣ" ಎಂದರೆ ಇಂಜಿನ್ನಿನ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಆಮೇಲೆ ಮೂಲ ದೋಷ ಪೈಪಿನದಾದರೂ ಹೆಡ್ಡಿನ ಖರ್ಚು ನಿಮ್ಮ ತಲೆಗೇ. ಊರು ತಲುಪಿದ ಮೇಲೆ ಬೆಳಗಾವಿ, ಹುಬ್ಬಳ್ಳಿಯ ಅದೇ ಕಂಪನಿಯ ಸೆಂಟರಿಗೆ ತೋರಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಎಂಎಚ್ ನಂಬರಿನ ಗಾಡಿ ಎಂದು ಅವರು ವಾರಂಟಿ ಕೆಲಸ ಬೇಡ ಅನ್ನುವಂತಿಲ್ಲ.

ಮಳೆಗಾಲದ ಮಾತು ಬೇರೆ. ಮುಂಬೈಯ ಮಿಲನ್ ಸಬ್‌ವೇ, ಹಿಂದ್‌ಮಾತಾದ ನೀರಿನಲ್ಲಿ ನಿಂತ ಗಾಡಿಗೆ ಕೀಲಿ ತಿರುಗಿಸಲೇಬೇಡಿ. ಸಿಲಿಂಡರಿಗೆ ಹೋದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದು ವಾರಂಟಿಗೆ ಬರುವುದಿಲ್ಲ. ವಿಮೆಯಲ್ಲಿ ಇಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇದ್ದರೆ ಮಾತ್ರ ದಾರಿ. ಇಲಿ ಕಡಿದ ವೈರು, ಗುಂಡಿಗೆ ಬಿದ್ದು ಊದಿದ ಟೈರು ಇವೂ ವಾರಂಟಿಯ ಹೊರಗೆ.

8. ನಿರಾಕರಿಸಿದಾಗ

ಬಾಯಿಮಾತಿನ "ಇಲ್ಲ"ಕ್ಕೆ ಬೆಲೆಯಿಲ್ಲ. "ಲೇಖೀ ದ್ಯಾ" (ಬರೆದು ಕೊಡಿ) ಅನ್ನಿ, ಈ ಎರಡು ಮರಾಠಿ ಪದ ಕಲಿತಿರಿ. ಯಾವ ಭಾಗ, ಪುಸ್ತಕದ ಯಾವ ಷರತ್ತು, ಹೊರಗಿನ ಯಾವ ಕೆಲಸದಿಂದ ಈ ದೋಷ ಹೇಗೆ ಬಂತು ಎಂಬ ಮೂರೂ ಜಾಬ್ ಕಾರ್ಡಿನಲ್ಲಿ ಅಥವಾ ಇಮೇಲಿನಲ್ಲಿ ಬರಬೇಕು. ಹೊರಗೆ ಬ್ರೇಕ್ ಪ್ಯಾಡ್ ಹಾಕಿಸಿದ್ದೀರಿ, ಕೆಟ್ಟಿದ್ದು ಪವರ್ ವಿಂಡೋ. ಸಂಬಂಧ ಬರೆಯಿರಿ ಎಂದರೆ ಹಲವರ ಪೆನ್ನು ಅಲ್ಲಿಯೇ ನಿಲ್ಲುತ್ತದೆ. ಬದಲಿಗೆ ಹೊರಗಿನ ಸ್ಟೀರಿಯೋಗೆ ತಂತಿ ಕತ್ತರಿಸಿದ್ದು, ಕೆಟ್ಟಿದ್ದು ಅದೇ ಸರ್ಕಿಟ್ ಆದರೆ ವಾದ ಬಿಟ್ಟು ದುಡ್ಡು ಕೊಡಿ.

ಮುಂದಿನ ಮೆಟ್ಟಿಲು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್, ಬಿಲ್ಲು ಫೋಟೋಗಳ ಸಮೇತ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915; ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ವಿವಾದದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, ಅದರ ಮೇಲೆ 50 ಲಕ್ಷದವರೆಗೆ 1,000 ರೂಪಾಯಿ. ಕಾರು ಹುಬ್ಬಳ್ಳಿಯಲ್ಲಿ ಕೊಂಡಿದ್ದು, ಕೆಲಸ ಪುಣೆಯಲ್ಲಿ ಅನ್ನುವವರಿಗೆ ಒಂದು ಅನುಕೂಲ ಇದೆ: 2019ರ ಕಾಯ್ದೆಯಂತೆ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಆಯೋಗ ಕಳಿಸಬಹುದು, ಆದ್ದರಿಂದ ಕೆಟ್ಟ ಭಾಗ ಕಸದ ಬುಟ್ಟಿ ಸೇರದಂತೆ ನೋಡಿಕೊಳ್ಳಿ.

ಗಾಡಿ ಇಲ್ಲದೆ ನಡೆಯದು, ಸದ್ಯಕ್ಕೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು ಎಂದಾದರೆ ಕೊಡಿ. ಆದರೆ ಗೇಟ್ ಪಾಸಿನ ಜೊತೆ ಮುಂದಿಡುವ "ಕೆಲಸ ತೃಪ್ತಿಕರ" ಎಂಬ ಕಾಗದಕ್ಕೆ ಹಾಗೆಯೇ ಸಹಿ ಹಾಕಬೇಡಿ. ಸಹಿಯ ಮೇಲ್ಗಡೆ "ಆಕ್ಷೇಪವಿಟ್ಟು ಹಣ ಕೊಟ್ಟಿದ್ದೇನೆ, ವಾರಂಟಿ ಹಕ್ಕು ಬಿಟ್ಟಿಲ್ಲ" ಎಂದು ಬರೆದು, ತಾರೀಕು ಹಾಕಿ, ಅದರ ಫೋಟೋ ತೆಗೆದ ಮೇಲೆ ಕೀಲಿ ತೆಗೆದುಕೊಳ್ಳಿ.